ಡೊಳ್ಳಪ್ಪನ ಹೊಟ್ಟೆಗೆ ಸೌಳು ಮಣ್ಣು

ರೊಟ್ಟಿ ಒಣಗಿದೆಯೋ ಇಲ್ಲವೋ ಎನ್ನುವುದನ್ನು ನಮ್ಮವ್ವ ಕಿವಿಯಿಂದ ತಿಳಿಯುತ್ತಾಳೆ. ಜೋಳದ ಖಡಕ್ ರೊಟ್ಟಿಯೊಂದನ್ನು ಕೆನ್ನೆಯ ಪಕ್ಕಕ್ಕೆ ತಂದು ಅಂಚು ಮುರಿಯುತ್ತಾಳೆ. ಪಟ್ಟೆಂದು ಸದ್ದು ಬಂದರೆ ಅದು ರ್ಯಾಕಿಗೆ, ಸದ್ದು ಮೆತ್ತಗಿದ್ದರೆ ಮತ್ತೆ ಹಂಚಿಗೆ. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಮ್ಮ ರೊಟ್ಟಿ ಹೋಗುತ್ತದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ತಿಪ್ಪೇರುದ್ರಮ್ಮ ಇಳಿಸಿಕೊಳ್ಳುತ್ತಾರೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆ ನಿಂತಿರುವುದು ಆ ಸದ್ದಿನ ಮೇಲೆ. ನಾಗಲಿಂಗಮ್ಮನ ರೊಟ್ಟಿ ಎಷ್ಟು ದಿನ ಇಟ್ಟರೂ ಮೆತ್ತಗಾಗುವುದಿಲ್ಲ ಎಂಬ ಮಾತೊಂದೇ ನಮ್ಮ ಆಸ್ತಿ.

ರೊಟ್ಟಿ ಇಡುವುದು ಅಡಿಗೆಮನೆಯ ಹಿಂದಿನ ಒಳಕೋಣೆಯಲ್ಲಿ. ಮಣ್ಣಿನ ಮಾಳಿಗೆ, ಮೇಲೊಂದು ಬೆಳಕಿಂಡಿ, ಸುತ್ತ ಕಾಡುಗಲ್ಲಿನ ಗೋಡೆ. ಕಲ್ಲುಗಳ ನಡುವೆ ಬರೀ ಮಣ್ಣು. ಕಟ್ಟಿದವರು ಯಾವ ಗಡಿಬಿಡಿಯಲ್ಲಿದ್ದರೋ, ಒಂದು ಕಲ್ಲು ಒಳಗೆ ಸರಿದಿದ್ದರೆ ಇನ್ನೊಂದು ಮುಂದೆ ಬಂದು ನಿಂತಿದೆ. ನಟ್ಟನಡುವೆ ಒಂದು ಗುಂಡುಕಲ್ಲಂತೂ ತುಂಬಿದ ಬಸುರಿಯ ಹಾಗೆ ಉಬ್ಬಿಕೊಂಡಿತ್ತು. ಅದು ಡೊಳ್ಳಪ್ಪನ ಹೊಟ್ಟೆ. ಡೊಳ್ಳಪ್ಪ ನಮ್ಮಜ್ಜಿ ಶಿವಬಸಮ್ಮನ ಕಥೆಯ ರಾಕ್ಷಸ. ಊರಿನ ನೆಲದಡಿಯ ಹಗೇವುಗಳಲ್ಲಿ ತುಂಬಿಟ್ಟಿದ್ದ ಜೋಳವನ್ನೆಲ್ಲ ತಿಂದು, ತೇಗಲಿಕ್ಕೆ ಜಾಗ ಸಾಲದೆ ಗೋಡೆಯೊಳಗೆ ಹೋಗಿ ಮಲಗಿದವನು. ಮೇಲಿನ ಎರಡು ಸಣ್ಣ ಕಲ್ಲು ಅವನ ಮೊಣಕಾಲು, ಮೂಲೆಯ ಚೂಪುಗಲ್ಲು ಅವನನ್ನು ಕಾಯುವ ನಾಯಿ. ಸಣ್ಣವಳಿದ್ದಾಗ ನಾನು ಅಜ್ಜಿಯ ತೊಡೆಯ ಮೇಲೆ ಮಲಗಿ ಆ ಹೊಟ್ಟೆಯ ಮೇಲೆ ಕೈಯಾಡಿಸುತ್ತ ನಿದ್ದೆ ಹೋಗುತ್ತಿದ್ದೆ. ಕಲ್ಲು ತಣ್ಣಗಿರುತ್ತಿತ್ತು. ಒಮ್ಮೆಯೂ ಹಸಿಯಾಗಿರಲಿಲ್ಲ.

ಈಗ ನಾನು ಬಿ.ಎ. ಮುಗಿಸಿ ಅವ್ವನ ಜೊತೆ ರೊಟ್ಟಿ ಎಣಿಸುವವಳು. ಡೊಳ್ಳಪ್ಪ ಕಥೆಯಲ್ಲಿ ಎಷ್ಟೇ ಚೆಂದವಿದ್ದರೂ ರ್ಯಾಕಿಗೆ ಶತ್ರುವಾಗಿದ್ದ. ಕಬ್ಬಿಣದ ರ್ಯಾಕನ್ನು ಗೋಡೆಗೆ ಒತ್ತಿದರೆ ಹೊಟ್ಟೆ ತಾಗಿ ಮುಂದಕ್ಕೆ ವಾಲುತ್ತಿತ್ತು. ಚೈತ್ರದಲ್ಲಿ ಒಂದು ದಿನ ತುಂಬಿದ ರ್ಯಾಕೇ ಕವುಚಿ ಬಿತ್ತು. ಅದರ ಹಿಂದೆಯೇ ಫೋನು ಬಂತು. ಗಿರಾಕಿಯೊಬ್ಬನ ಹಲ್ಲಿಗೆ ಗೋಡೆಯ ಮಣ್ಣಿನ ಹೆಂಟೆ ಸಿಕ್ಕಿತ್ತು.

"ನಾಗಲಿಂಗವ್ವ, ರೊಟ್ಟಿ ಜೋಡಿ ಮನಿನೂ ಕಳಸಾಕತ್ತೀಯೇನು?" ಎಂದರು ತಿಪ್ಪೇರುದ್ರಮ್ಮ. ನಗುತ್ತಲೇ ಅಂದರು. ಆದರೆ ಅವ್ವ ಫೋನಿಟ್ಟ ಮೇಲೆ ನಗಲಿಲ್ಲ.

ಗೋಡೆಯನ್ನು ನೆಟ್ಟಗೆ ಮಾಡಿಸಬೇಕೆಂದು ಆವತ್ತೇ ಗಟ್ಟಿಯಾಯಿತು. ತೇವ ಬರದ ಹಾಗೆ ಮಾಡಿಸಬೇಕು. ಅವ್ವನಿಗೆ ಬೇಕಾದದ್ದು ಅಷ್ಟೇ.

ಸುದ್ದಿ ಕೇಳಿ ಮೊದಲು ಬಂದವನು ನಮ್ಮ ಕಾಕ ಗುರುಬಸವರಾಜ. ಅಪ್ಪನ ತಮ್ಮ. ಹಿಸ್ಸೆಯಾದಾಗ ಇದೇ ಮನೆಯ ಬೀದಿ ಕಡೆಯ ಅರ್ಧ ಅವನಿಗೆ ಹೋಯಿತು. ಸಿಮೆಂಟು, ಪುಟ್ಟಿ, ಪ್ಲಾಸ್ಟಿಕ್ ಪ್ಯಾನೆಲ್ಲು ಮಾರುವ ಅಂಗಡಿ ಇಟ್ಟಿದ್ದಾನೆ. ಬಾಯಲ್ಲಿ ಸದಾ ಗುಟಕಾ. ಮಾತಾಡುವಾಗ ಬೆರಳು ಕೆಂಪಗಾಗಿರುತ್ತದೆ, ಮಾತು ಮುಗಿದ ಮೇಲೆ ಅದನ್ನು ಹತ್ತಿರದ ಗೋಡೆಗೆ ಒರೆಸುತ್ತಾನೆ. ನಮ್ಮ ಬಾಗಿಲ ಪಕ್ಕದ ಕಲ್ಲಿನಲ್ಲಿ ಅವನ ಬೆರಳುಗಳ ಗುರುತು ಸಾಲಾಗಿ ಇವೆ.

"ಅತ್ತಿಗಿ, ಇದಕ್ಯಾಕ ತಲಿ ಕೆಡಿಸ್ಕಂತೀರಿ? ಸಿಮೆಂಟು ಹೊಡಸ್ರಿ, ಮ್ಯಾಲೆ ಪುಟ್ಟಿ ಎಳಸ್ರಿ. ಗ್ವಾಡಿ ಕನ್ನಡಿ ಆಕ್ಕತಿ."

"ನಿಮ್ಮ ಮನಿ ಕನ್ನಡಿ ನೋಡೀವಿ ಬಿಡ್ರಿ" ಎಂದಳು ಅವ್ವ.

ಅದನ್ನು ನಾನಂತೂ ಹತ್ತಿರದಿಂದ ನೋಡಿದ್ದೆ. ಕಾಕ ತನ್ನ ಅರ್ಧಕ್ಕೆ ಬಂದ ಕೂಡಲೇ ಕಲ್ಲುಗೋಡೆಗೆಲ್ಲ ಸಿಮೆಂಟು ಮೆತ್ತಿಸಿದ್ದ. ಮೊದಲು ನೆಲದ ತೇವ ಕಲ್ಲುಸಂದಿಯ ಮಣ್ಣಿನಿಂದ ಹೊರಬಂದು ಗಾಳಿಗೆ ಹೋಗುತ್ತಿತ್ತು. ಸಿಮೆಂಟು ಆ ಬಾಯಿ ಮುಚ್ಚಿದ ಮೇಲೆ ಹೋಗಲು ದಾರಿಯಿಲ್ಲದೆ ಮೇಲೇರತೊಡಗಿತು. ಸೊಂಟದ ಮಟ್ಟಕ್ಕೆ ಪುಟ್ಟಿ ಬೊಬ್ಬೆಯೆದ್ದು ಉದುರಿತು. ಆಗ ಕಾಕ ಅದರ ಮೇಲೆ ಹೊಳೆಯುವ ಪ್ಲಾಸ್ಟಿಕ್ ಪ್ಯಾನೆಲ್ಲು ಬಡಿಸಿದ, ಅಮೃತಶಿಲೆಯ ಚಿತ್ರವಿದ್ದದ್ದು. ಒಂದು ದಿನ ಮಜ್ಜಿಗೆ ಕೇಳಲು ಹೋದಾಗ ಅದರ ಒಂದು ತುದಿ ಬಿಟ್ಟುಕೊಂಡಿತ್ತು. ಸರಿಮಾಡೋಣವೆಂದು ಒತ್ತಿದೆ. ಒಳಗಿಂದ ಪಚಕ್ಕೆಂದು ಏನೋ ಹಿಂಡಿದ ಸದ್ದು. ಕಪ್ಪು ನೀರು ನನ್ನ ಅಂಗೈಗೆ ಇಳಿಯಿತು, ಅದರ ಹಿಂದೆ ಬಿಳಿಚಿಕೊಂಡ ಜಿರಲೆ ಮರಿಗಳು. ಒಳಗೆ ಗೋಡೆಯ ತುಂಬ ಕಪ್ಪು ತುಪ್ಪಟ ಬೆಳೆದಿತ್ತು. ಸತ್ತ ಹೆಗ್ಗಣವನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟಂಥ ವಾಸನೆ. ಕಾಕಿ ಓಡಿಬಂದು ಗುಲಾಬಿ ಘಮದ ಸ್ಪ್ರೇ ಹೊಡೆದಳು. ಅದು ಇನ್ನೂ ಕೆಟ್ಟದಾಗಿತ್ತು. ಮಜ್ಜಿಗೆ ಇಸಿದುಕೊಳ್ಳದೆ ಬಂದೆ.

ಹಾಗಾಗಿ ಸಿಮೆಂಟು ನಮ್ಮ ಒಳಕೋಣೆಯ ಹೊಸ್ತಿಲು ದಾಟುವುದಿಲ್ಲವೆಂದಾಯಿತು. ಮತ್ತೇನು ಬಳಿಯುವುದು? ಅಜ್ಜಿ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆ ಎತ್ತಿದಳು.

"ಸೌಳು ಮಣ್ಣು ಹಾಕ್ರಿ."

ಸೌಳು ಮಣ್ಣೆಂದರೆ ಹಳ್ಳದ ದಂಡೆಯ ಬೆಳ್ಳಗಿನ ಮಣ್ಣು. ಅದರಲ್ಲಿ ಹುಲ್ಲೂ ಹುಟ್ಟುವುದಿಲ್ಲ. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಅದನ್ನು ಮಾಳಿಗೆಯ ಮೇಲೆ ಹರಡುತ್ತಾರೆ. ಮೊದಲ ಹನಿ ಬೀಳುತ್ತಲೇ ಮೆತ್ತಿಕೊಂಡು ತೊಗಲಿನ ಹಾಗೆ ಬಿಗಿದುಕೊಳ್ಳುತ್ತದೆ, ಒಂದು ತೊಟ್ಟು ನೀರನ್ನು ಕೆಳಗೆ ಬಿಡುವುದಿಲ್ಲ. ಅಜ್ಜಿ ಮದುವೆಯಾಗಿ ಬಂದಾಗಿನಿಂದ ಪ್ರತಿ ವರ್ಷ ತಲೆಯ ಮೇಲೆ ಹೊತ್ತು ಏಣಿ ಹತ್ತಿ ಹರಡಿದವಳು. ನಮ್ಮ ಮಾಳಿಗೆ ಸೋರಿದ್ದನ್ನು ಕಂಡವರಿಲ್ಲ.

"ಮಾಳಿಗಿ ಮ್ಯಾಲಿನ ನೀರನ್ನ ತಡದಿದ್ದು ಗ್ವಾಡ್ಯಾಗಿನ ತೇವ ತಡಿಯಂಗಿಲ್ಲೇನು?" ಎಂದಳು ಅಜ್ಜಿ. "ನೆಲ ದೇವ್ರು ಮತ್ತ ಮಳಿ ದೇವ್ರು ಜಗಳಾಡಿದಾಗ ನಡುವ ಬಿದ್ದು ಬಿಡಿಸಿದ್ದು ಈ ಮಣ್ಣ. ಆವತ್ತಿನಿಂದ ಇಬ್ರೂ ಇದನ್ನ ದಾಟಂಗಿಲ್ಲ."

ನನಗೆ ಅಷ್ಟು ಸಾಕಾಗಿತ್ತು. ಕಥೆಯಿದ್ದ ಮೇಲೆ ಅದು ನಿಜವೇ. ಅವ್ವನೂ ಒಪ್ಪಿದಳು. ಅವಳು ಒಪ್ಪಿದ್ದು ಕಥೆಗಲ್ಲ, ಸೋರದ ಮಾಳಿಗೆಗೆ.

ಗಾರೆ ಕೆಲಸಕ್ಕೆ ಪಕ್ಕೀರಪ್ಪ ಬಂದ. ಮಾತಿನ ಮನುಷ್ಯ. ಗೋಡೆಯ ನೆತ್ತಿಯಿಂದ ತೂಗುಗುಂಡು ಇಳಿಬಿಟ್ಟು, ಡೊಳ್ಳಪ್ಪನ ಹೊಟ್ಟೆ ದಾರವನ್ನು ದೂಡಿದ್ದು ನೋಡಿ, "ಯವ್ವಾ, ಇದಕ್ಕ ಗಾರಿಗಿಂತ ಹೆರಿಗಿ ಮಾಡಸಾದು ಚಲೋ ಇತ್ತು" ಎಂದ.

"ಸೌಳು ಮಣ್ಣು ಹಿಡಿತೈತೇನಪ್ಪ ಗ್ವಾಡಿಗೆ?" ಅವ್ವ ಕೇಳಿದಳು.

"ನನಗೇನವಾ, ನೀವು ಬೆಲ್ಲ ಕಲಸಿ ಕೊಟ್ರ ಬೆಲ್ಲ ಬಳಿತೀನಿ. ಇರಿವಿ ಬಂದ್ರ ನನ್ನ ಕರಿಬ್ಯಾಡ್ರಿ, ಅಷ್ಟ."

"ನಿನ್ನ ಬಾಯಿಗೆ ಬಳಿತೀನಿ ಬಾ ಬೆಲ್ಲ" ಎಂದಳು ಅಜ್ಜಿ. "ಮೊದಲ ಕೈ ಆಡ್ಸು."

ಮಣ್ಣಿಗೆ ಸಣ್ಣಗೆ ಹೆಚ್ಚಿದ ಹುಲ್ಲು ಬೆರೆಸಿ ತುಳಿದರು. ತಗ್ಗಿದ್ದ ಕಡೆ ಮುಷ್ಟಿ ಮುಷ್ಟಿ ತುಂಬಿ, ಉಬ್ಬಿದ್ದ ಕಡೆ ತೆಳ್ಳಗೆ ಎಳೆದು, ಮರದ ಪಟ್ಟಿ ಹಿಡಿದು ಸವರಿದರು. ಅಜ್ಜಿಯೇ ಎದುರಿಗೆ ಕೂತು "ಅಲ್ಲಿ ಕುಳಿ ಐತಿ, ಇಲ್ಲಿ ಗೂನ ಐತಿ" ಎನ್ನುತ್ತಿದ್ದಳು. ಮೊದಲು ನಾಯಿ ಮಾಯವಾಯಿತು, ಆಮೇಲೆ ಮೊಣಕಾಲು. ಕೊನೆಗೆ ಹೊಟ್ಟೆಯೂ ಮಣ್ಣಿನಡಿ ಸೇರಿತು. ಕರಣಿ ಅದರ ಮೇಲೆ ಹಾಯುವಾಗ ನಾನು ಅಡಿಗೆಮನೆಗೆ ಎದ್ದು ಹೋದೆ. ತಿರುಗಿ ಬಂದಾಗ ಗೋಡೆ ನೆಟ್ಟಗೆ, ಬೋಳಾಗಿ, ಗುರುತೇ ಇಲ್ಲದವರ ಮುಖದ ಹಾಗೆ ನಿಂತಿತ್ತು. ಒಣಗಿದ ಮೇಲೆ ಸುಣ್ಣ ಬಳಿದರು. ರ್ಯಾಕುಗಳು ಗೋಡೆಗೆ ಅಂಟಿ ನಿಂತವು, ಒಂದೂ ಅಲುಗಲಿಲ್ಲ. ಅವ್ವ ಒಂದೊಂದನ್ನೂ ಅಲ್ಲಾಡಿಸಿ ನೋಡಿ, ಎಷ್ಟೋ ದಿನದ ಮೇಲೆ ನಕ್ಕಳು.

ವೈಶಾಖ, ಜ್ಯೇಷ್ಠ ಹೀಗೇ ಸುಖವಾಗಿ ಕಳೆದವು. ಬೇಸಿಗೆಯಲ್ಲಿ ನಮ್ಮೂರಲ್ಲಿ ಒಣಗದ ವಸ್ತು ಯಾವುದು?

ಆಷಾಢದ ಗಾಳಿ ಬೀಸತೊಡಗಿ, ಸುರಿಯದ ಮೋಡ ದಿನವಿಡೀ ತಲೆಯ ಮೇಲೆ ಕೂತಾಗ, ಒಂದು ಬೆಳಗ್ಗೆ ಅವ್ವ ರೊಟ್ಟಿಯನ್ನು ಕೆನ್ನೆಯ ಪಕ್ಕ ಹಿಡಿದು ಮುರಿದಳು. ಸದ್ದು ಬರಲಿಲ್ಲ. ರೊಟ್ಟಿ ಬಾಗಿತು. ಚರ್ಮದ ಹಾಗೆ ಬಾಗಿತು. ಇನ್ನೊಂದು ಮುರಿದಳು, ಅದೂ ಹಾಗೇ. ಅವ್ವ ರ್ಯಾಕಿನ ಹಿಂದೆ ಕೈ ತೂರಿಸಿ ಗೋಡೆಯನ್ನು ಮುಟ್ಟಿದಳು, ಕೈಯನ್ನು ಹೊರಗೆ ತೆಗೆದು ನನ್ನ ಮುಂದೆ ಹಿಡಿದಳು. ಬೆರಳುಗಳ ಮೇಲೆ ಸುಣ್ಣ ಹಿಟ್ಟಿನ ಅಂಬಲಿಯಂತೆ ಅಂಟಿಕೊಂಡಿತ್ತು.

ನಾವಿಬ್ಬರೂ ಸೇರಿ ರ್ಯಾಕು ಸರಿಸಿದೆವು. ಗೋಡೆ ಬೆವರುತ್ತಿತ್ತು. ನೆಲದಿಂದ ಏರಿದ ತೇವವಲ್ಲ, ನೆತ್ತಿಯವರೆಗೆ ಎಲ್ಲ ಕಡೆ ಒಂದೇ ಸಮ. ಜ್ವರ ಬಿಡುವ ರೋಗಿಯ ಎದೆಯ ಹಾಗೆ ಸಣ್ಣ ಸಣ್ಣ ಹನಿ. ಅಲ್ಲಲ್ಲಿ ಸುಣ್ಣ ಎದ್ದು, ಅದರಡಿ ಬಿಳಿಯ ಕೂದಲಿನಂಥ ಎಳೆಗಳು ಹೊರಬಂದಿದ್ದವು. ರ್ಯಾಕಿನ ಹಿಂಬದಿಯ ರೊಟ್ಟಿಗಳ ಮೇಲೆ ಹಸಿರು ಬೂಷ್ಟು, ಒಂದರಿಂದ ಒಂದಕ್ಕೆ ದಾಟಿ ಹಬ್ಬಿತ್ತು. ಮೂಗಿಗೆ ಸೆರಗು ಒತ್ತಿದರೂ ವಾಸನೆ ನಾಲಿಗೆಗೆ ಬಂದು ಕೂತಿತು. ಹುಳಿ, ಹಳೆಯ ಕಾಲುಚೀಲ, ಬಾಣಂತಿಯ ಕೋಣೆಯಲ್ಲಿ ಮುಚ್ಚಿಟ್ಟ ಹಾಲು, ಎಲ್ಲ ಕೂಡಿದಂತೆ.

ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಹೆಬ್ಬೆರಳಿನಿಂದ ಗೋಡೆಯನ್ನು ಒತ್ತಿ, ಬೆರಳನ್ನು ಬಾಯಿಗೆ ಇಟ್ಟುಕೊಂಡಳು.

"ಅಜ್ಜಿ, ಉಗುಳಬೇ."

ಉಗುಳಲಿಲ್ಲ. ನಾಲಿಗೆ ಆಡಿಸಿ ನೋಡಿದಳು. ಅವಳ ಮುಖ ಒಂದು ಗಳಿಗೆ ಖಾಲಿಯಾಯಿತು.

"ಉಪ್ಪು ಐತೇನು?" ಅವ್ವ ಕೇಳಿದಳು.

"ಉಪ್ಪಲ್ಲ."

"ಮತ್ತ?"

"ಬೆವರು." ಅಜ್ಜಿ ನನ್ನ ಕಡೆ ತಿರುಗಿದಳು. ಕಥೆ ಹೇಳುವ ದನಿ ತೆಗೆದಳು. "ಡೊಳ್ಳಪ್ಪಗ ಶೆಕಿ ಆಗೈತಿ ತಾಯಿ. ಮ್ಯಾಲೆ ಕಂಬಳಿ ಹೊಚ್ಚಿ ಬಿಟ್ವಿ ನೋಡು. ಅಂವ ಬೆವತು ಬೆವತು ತಿಂದ ಜ್ವಾಳೆಲ್ಲ ಇಳಿಸಿ, ಕಡೀಗೆ ಎದ್ದು ಹೋಗ್ತಾನ. ಆಮ್ಯಾಲೆ ಗ್ವಾಡಿ ಒಣಗತೈತಿ."

ಆ ದನಿ ಕೇಳಿಯೇ ನಾನು ಬೆಳೆದವಳು. ಅದಕ್ಕೆ ಜ್ವರ ಇಳಿದದ್ದುಂಟು, ಅಪ್ಪ ಹೋದ ವರ್ಷ ನಿದ್ದೆ ಬಂದದ್ದುಂಟು. ಅಂದು ಮಾತ್ರ ಆ ಮಾತು ಗೋಡೆಯ ಲೋಳೆಯ ಹಾಗೆಯೇ ಕಿವಿಗೆ ಅಂಟಿತು. ತನ್ನ ಮಣ್ಣಿನ ತಪ್ಪನ್ನು ಅವಳು ರಾಕ್ಷಸನ ಮೈಮೇಲೆ ಹಾಕುತ್ತಿದ್ದಳು, ಕೇಳುವವಳು ನಾನೆಂದು ನನ್ನ ಕಡೆ ತಿರುಗಿದ್ದಳು. ಅಜ್ಜಿಯ ಬಗ್ಗೆ ನನಗೆ ಅಸಹ್ಯವಾದದ್ದು ಅದೇ ಮೊದಲು. ಅದಕ್ಕಿಂತ ಹೆಚ್ಚು, ಕಥೆಗೆ ಬಾಯಿ ತೆರೆದು ಕೂರುವ ನನ್ನ ಬಗ್ಗೆ.

"ಅತ್ತಿ, ಸುಮ್ನಿರ್ರಿ" ಎಂದಳು ಅವ್ವ ಮೆಲ್ಲಗೆ.

ಮರುದಿನದ ಬಸ್ಸಿಗೆ ತಿಪ್ಪೇರುದ್ರಮ್ಮನಿಗೆ ದೊಡ್ಡ ಗಂಟು ಹೋಗಬೇಕಿತ್ತು. ಅವರ ಖಾನಾವಳಿಯಲ್ಲಿ ಯಾರದೋ ಮದುವೆ ಮಾತುಕತೆಯ ಊಟ. ಇದ್ದ ರೊಟ್ಟಿಯೆಲ್ಲ ಆ ಕೋಣೆಯಲ್ಲಿಯೇ ಇತ್ತು. ಹೊಸದಾಗಿ ಬಡಿದು, ಬೇಯಿಸಿ, ಒಣಗಿಸಲು ಬಿಸಿಲೂ ಇಲ್ಲ, ಹೊತ್ತೂ ಇಲ್ಲ.

ಮಧ್ಯಾಹ್ನಕ್ಕೆ ಕಾಕ ಬಂದ. ಮೂಗು ಮುಚ್ಚಿಕೊಳ್ಳಲಿಲ್ಲ, ಅವನಿಗೆ ಆ ವಾಸನೆ ಮನೆಯದೇ. ಗೋಡೆಯನ್ನು ನೋಡಿ ಸಂತೋಷದಿಂದ ತಲೆಯಾಡಿಸಿ ಅಜ್ಜಿಯ ಕಡೆ ತಿರುಗಿದ.

"ಯವ್ವಾ, ಮಾಳಿಗಿ ಮಣ್ಣು ಗ್ವಾಡಿಗೆ ಹಾಕ್ಸೀಯಲ್ಲ. ಅದು ಉಪ್ಪು. ಮಳಿಗಾಲದಾಗ ಉಪ್ಪಿನ ಡಬ್ಬಿ ಬಾಯಿ ತಗದಿಟ್ರ ಏನಾಕ್ಕತಿ? ಗಾಳ್ಯಾಗಿನ ನೀರೆಲ್ಲ ಕುಡದು ಕುಂತೈತಿ."

ಕಾಕ ಹೇಳಿದ್ದು ಸರಿಯಾಗಿತ್ತು. ಅದು ಅವನ ಬಾಯಿಂದ ಬಂತಲ್ಲ ಎಂದು ನನಗೆ ಮತ್ತಷ್ಟು ಹೇಸಿಗೆಯಾಯಿತು.

"ಚಿಂತಿ ಬ್ಯಾಡ. ಮ್ಯಾಲೆ ಪ್ಯಾನೆಲ್ ಬಡಸ್ರಿ. ಕಣ್ಣಿಗೆ ಕಾಣಂಗಿಲ್ಲ."

"ರೊಟ್ಟಿಗೆ ಕಾಣತೈತಲ್ಲ" ಎಂದಳು ಅವ್ವ.

"ರೊಟ್ಟಿಗೆ ಏನಾಗೈತಿ?" ಕಾಕ ಒಂದು ರೊಟ್ಟಿ ಎತ್ತಿಕೊಂಡ. ಹಸಿರು ಬೂಷ್ಟನ್ನು ಅದೇ ಕೆಂಪು ಬೆರಳಿನಿಂದ ಸವರಿ ಒರೆಸಿದ. ಒರೆಸಿದ ಕಡೆ ಸ್ವಲ್ಪ ಬೆಳ್ಳಗಾಯಿತು. "ನೋಡ್ರಿ. ಒಣ ಬಟ್ಟಿಲೆ ಒರಸ್ರಿ, ಹಂಚಿನ ಮ್ಯಾಲೆ ಒಂದು ಸಲ ತಿರುವಿ ಹಾಕ್ರಿ, ಮ್ಯಾಲೆ ಎಳ್ಳು ಉದುರಸ್ರಿ. ಮದುವಿ ಮಾತಿಗೆ ಬಂದವ್ರು ರೊಟ್ಟಿ ಮೂಸಿ ತಿಂತಾರೇನು? ಹುಡುಗಿ ನೋಡ್ತಾರ."

ಅವ್ವ ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿಲ್ಲ. ಗೂಟಕ್ಕೆ ಸಿಕ್ಕಿಸಿದ್ದ ಒಣ ಬಟ್ಟೆ ತೆಗೆದುಕೊಂಡು ನೆಲಕ್ಕೆ ಕೂತಳು. ಒಂದು ರೊಟ್ಟಿ ಒರೆಸಿದಳು, ಮತ್ತೊಂದು ಒರೆಸಿದಳು. ಹಸಿರು ಪುಡಿ ಎದ್ದು ಬೆಳಕಿಂಡಿಯ ಬೆಳಕಿನಲ್ಲಿ ತೇಲಿತು. ಅವಳು ತಲೆಯೆತ್ತಲಿಲ್ಲ. ಅವ್ವನ ಕೈಯಲ್ಲಿ ಆ ಬಟ್ಟೆ ಹಾಗೆ ಓಡಾಡುವುದನ್ನು ನೋಡುವುದಕ್ಕಿಂತ ಕಾಕನ ಪ್ಯಾನೆಲ್ಲಿನ ಹಿಂದೆ ಮುಖವಿಟ್ಟು ಕೂರುವುದು ಮೇಲೆನಿಸಿತು.

"ಅವ್ವಾ, ಮಂದಿ ತಿಂತಾರ ಅದನ್ನ."

"ಗೊತ್ತೈತಿ."

"ಅವ್ವಾ."

"ನಾಳೆ ಗಂಟು ಹೋಗ್ಲಿಲ್ಲಂದ್ರ ಆಕಿ ಬ್ಯಾರೆಯವ್ರ ಹತ್ರ ತಗಂತಾಳ. ಆಮ್ಯಾಲೆ ನನ್ನ ರೊಟ್ಟಿ ಯಾರು ಕೇಳ್ತಾರ? ನೀ ಹೇಳು." ಅವಳ ಕೈ ನಿಲ್ಲಲಿಲ್ಲ.

ಆಗ ಅಜ್ಜಿ ಬಂದು ಅವ್ವನ ಎದುರಿಗೆ ಕೂತಳು. ಒರೆಸಿಟ್ಟ ರೊಟ್ಟಿಯಲ್ಲ, ಒರೆಸದ ಗುಂಪಿನಿಂದ ಒಂದನ್ನು ತೆಗೆದುಕೊಂಡಳು. ಅದರ ಅರ್ಧಕ್ಕೆ ಹಸಿರು ತುಪ್ಪಟವಿತ್ತು.

"ಏನೂ ಆಗಿಲ್ಲ ಇದಕ್ಕ" ಎಂದಳು. "ನನ್ನ ಮಣ್ಣು ಯಾರಿಗೂ ಕೆಟ್ಟದ್ದು ಮಾಡಿಲ್ಲ. ನೋಡ್ರಿ ಬೇಕಾದ್ರ."

ಹಾಗೆಂದು ತಿನ್ನತೊಡಗಿದಳು.

ಮೆತ್ತಗಾದ ರೊಟ್ಟಿ ಅವಳ ವಸಡಿಗೆ ಸುಲಭವಾಗಿತ್ತು. ಕಚ್ಚಿದಾಗ ಸದ್ದೇ ಇಲ್ಲ. ತುಟಿಯ ಅಂಚಿನಲ್ಲಿ ಹಸಿರು ಹತ್ತಿತು. ಜಗಿದಳು, ಗಂಟಲು ಕುಣಿಸಿ ನುಂಗಿದಳು, ಮತ್ತೆ ಕಚ್ಚಿದಳು. ಕಣ್ಣಲ್ಲಿ ನೀರು ಬಂದರೂ ನಮ್ಮನ್ನೇ ನೋಡುತ್ತ ಜಗಿದಳು. ಕಾಕ ಕೂಡ ಹಿಂದೆ ಸರಿದ. "ಯವ್ವಾ, ಬಿಡ ಅತ್ತಾಗ" ಎಂದ. ಅವಳು ಬಿಡಲಿಲ್ಲ.

ನಾನು ಅವಳ ಮುಂದೆ ಮಂಡಿಯೂರಿ, ಗದ್ದ ಹಿಡಿದು, ಬಾಯೊಳಗೆ ಬೆರಳು ಹಾಕಿದೆ. ಬಿಸಿ, ಲೋಳೆ, ಅರೆದ ಹಿಟ್ಟು, ಎಲೆಯಡಿಕೆಯ ಕೆಂಪು. ಅಜ್ಜಿ ಕಚ್ಚಿದಳು. ನಾನು ಕೈ ತೆಗೆಯಲಿಲ್ಲ. ನಾಲಿಗೆಯಡಿಯಿಂದ, ವಸಡಿನ ಸಂದಿಯಿಂದ ತುಣುಕು ತುಣುಕು ಎಳೆದು ನನ್ನ ಅಂಗೈಗೆ ಹಾಕಿಕೊಂಡೆ. ಆ ಮುದ್ದೆಯ ಬಿಸುಪು ಇವತ್ತಿಗೂ ಕೈಯಲ್ಲಿದೆ. ನನಗೇ ಓಕರಿಕೆ ಬಂತು, ತಡೆದುಕೊಂಡೆ.

"ನನ್ನ ಮಣ್ಣು" ಎಂದಳು ಅಜ್ಜಿ ಬಾಯಿ ಖಾಲಿಯಾದ ಮೇಲೆ.

ಅವ್ವ ಬಟ್ಟೆಯನ್ನು ನೆಲಕ್ಕೆ ಒಗೆದಳು. ಒರೆಸಿದ್ದು, ಒರೆಸದ್ದು ಎರಡನ್ನೂ ಒಟ್ಟಿಗೆ ಗೋಣಿಗೆ ತುಂಬಿದಳು. ಪಕ್ಕದ ಮನೆಯ ಎಮ್ಮೆಗೆ ಒಂದು ಹಿಡಿದು ನೋಡಿದೆವು. ಅದು ಮೂಸಿ, ಫೂತ್ಕರಿಸಿ, ಮುಖ ತಿರುವಿ ನಿಂತಿತು. ತಿಪ್ಪೆಯಲ್ಲಿ ಗುಂಡಿ ತೋಡಿ ಮುಚ್ಚಿದೆವು. ಜೋಳದ ರೊಟ್ಟಿಯ ಮೇಲೆ ಮಣ್ಣು ಎಳೆಯುವಾಗ ಅವ್ವ ಒಂದು ಸಲ ಕಣ್ಣು ಮುಚ್ಚಿದಳು, ಅಷ್ಟೇ.

ಆಮೇಲೆ ತಿಪ್ಪೇರುದ್ರಮ್ಮನಿಗೆ ಫೋನು ಮಾಡಿದಳು. "ಅಕ್ಕಾ, ನಾಳೆ ರೊಟ್ಟಿ ಬರಂಗಿಲ್ಲ. ಬೂಷ್ಟು ಹಿಡದಾವು. ಗ್ವಾಡಿ ತೇವ ಆಗೈತಿ."

ಆ ಕಡೆಯಿಂದ, "ಸುಳ್ಳರ ಹೇಳಬೇಕಿಲ್ಲೇನವಾ" ಎಂದರು. "ಮೈಯಾಗ ಹುಷಾರಿಲ್ಲ ಅನ್ನಬೇಕು, ಬಸ್ಸು ತಪ್ಪಿತು ಅನ್ನಬೇಕು. ಇನ್ನ ನಿನ್ನ ರೊಟ್ಟಿ ಮುರದಾಗೆಲ್ಲ ಬೂಷ್ಟು ನೆನಪಾಗತೈತಿ ನನಗ." ಫೋನಿಟ್ಟರು.

ನಿಜ ಹೇಳಿದ್ದಕ್ಕೆ ಸಿಕ್ಕಿದ್ದು ಅದು.

ಸಂಜೆ ಅಜ್ಜಿ ವಾಂತಿ ಮಾಡಿಕೊಂಡಳು. ಬೋಗುಣಿ ಹಿಡಿದು ಕೂತೆ. ಬಾಯಿ ತೊಳೆಸಿ ಮಲಗಿಸಿದಾಗ ಸೂರಿನ ಕಡೆ ನೋಡುತ್ತ ತನ್ನಷ್ಟಕ್ಕೇ ಅಂದಳು: "ಮಾಳಿಗಿ ಮ್ಯಾಲೆ ಅದು ಬಿಸಿಲು ಕಾಣತಿತ್ತು. ಮಳಿ ನಿಂತ ಕೂಡ್ಲೆ ಒಣಗತಿತ್ತು. ನಾ ಅದನ್ನ ಕತ್ತಲದಾಗ ಕುಂದ್ರಿಸಿದೆ." ಅದರಲ್ಲಿ ರಾಕ್ಷಸನೂ ಇರಲಿಲ್ಲ, ದೇವರೂ ಇರಲಿಲ್ಲ. ನಾನು ಅವಳ ಪಾದ ಒತ್ತಿದೆ.

ಮರುದಿನದಿಂದ ಗೋಡೆ ಕೆರೆದೆವು. ಪಕ್ಕೀರಪ್ಪ ಬಂದು, "ಇರಿವಿ ಬಂದುವೇನು?" ಎಂದು ನಗಲು ಹೋಗಿ, ನಮ್ಮ ಮುಖ ನೋಡಿ ಸುಮ್ಮನೆ ಕರಣಿ ಹಿಡಿದ. ಮಣ್ಣು ಹಲಗೆ ಹಲಗೆಯಾಗಿ ಕಳಚಿ ಬಿತ್ತು. ಅದರ ಬೆನ್ನಿಗೆ ಬೆಳ್ಳಿಮೀನಿನಂಥ ಹುಳ, ಹಲ್ಲಿಯ ಒಡೆದ ತತ್ತಿ, ಕೊಳೆತ ಹುಲ್ಲು. ಗಾಡಿಗೆ ಹೇರಿ ಹಳ್ಳದ ದಂಡೆಗೇ ಮರಳಿ ಸುರಿಸಿದೆವು. ಗೋಡೆಯನ್ನು ನೀರಿನಿಂದ ತೊಳೆಯಲು ಹೋದಾಗ ಅವ್ವ ತಡೆದಳು. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಕ್ಕೇ ಹೋಗುತ್ತದೆ. ಒಣ ಪೊರಕೆಯಿಂದ ಉಜ್ಜಿದೆವು. ಒಣ ಗಾಳಿ ಬೀಸಿದ ದಿನಗಳಲ್ಲಿ ಉಪ್ಪು ಬೆಳ್ಳಗೆ ಹೊರಬರುತ್ತಿತ್ತು, ಉಜ್ಜಿ ಮೊರದಲ್ಲಿ ತುಂಬಿ ಹೊರಗೆ ಚೆಲ್ಲುತ್ತಿದ್ದೆವು. ಮತ್ತೆ ಬರುತ್ತಿತ್ತು. ಗಾಯದ ಹಕ್ಕಳೆ ಕೀಳುವ ಕೆಲಸ. ಕೂದಲಲ್ಲಿ, ಊಟದಲ್ಲಿ, ಹಾಸಿಗೆಯಲ್ಲಿ ಅದೇ ಪುಡಿ.

ಗೋಡೆಗೆ ಇನ್ನೇನೂ ಬಳಿಯುವುದು ಬೇಡವೆಂದಳು ಅವ್ವ. ಸಂದಿಯ ಮಣ್ಣು ಉದುರದಿರಲೆಂದು ಅಲ್ಲಲ್ಲಿ ಸಣ್ಣ ಕಲ್ಲು ಬಡಿದು ಸುಣ್ಣದ ಗಾರೆ ತುಂಬಿಸಿದಳು. ಆಮೇಲೆ ಗೋಡೆಯಿಂದ ಒಂದೂವರೆ ಮೊಳ ಬಿಟ್ಟು, ನೆಲದಿಂದ ತೊಲೆಯವರೆಗೆ ಮರದ ಕಂಬಗಳನ್ನು ತೂಗುಗುಂಡಿನ ದಾರದಷ್ಟು ನೆಟ್ಟಗೆ ನಿಲ್ಲಿಸಿ, ರ್ಯಾಕುಗಳನ್ನು ಆ ಕಂಬಗಳಿಗೆ ಬಿಗಿದಳು. ಹಿಂದೆ ಗಾಳಿ ಆಡುತ್ತಿತ್ತು. ಪೊರಕೆ ಹಿಡಿದು ಒಬ್ಬರು ತೂರಬಹುದಿತ್ತು.

"ಗ್ವಾಡಿ ಸೊಟ್ಟ ಇರವಲ್ದ್ಯಾಕ" ಎಂದಳು. "ಅದರ ಮುಂದ ನಿಂತದ್ದು ನೆಟ್ಟಗಿದ್ರ ಸಾಕು."

ಡೊಳ್ಳಪ್ಪ ಮತ್ತೆ ಹೊಟ್ಟೆ ಬಿಟ್ಟುಕೊಂಡು ನಿಂತ. ಹೊಟ್ಟೆಯ ಮೇಲೆ ಉಪ್ಪಿನ ಕಲೆ, ಕುಷ್ಠದ ಹಾಗೆ. ನಾನು ಮುಟ್ಟಲಿಲ್ಲ.

ರೊಟ್ಟಿ ಬಡಿಯುವುದು ಮತ್ತೆ ಶುರುವಾಯಿತು. ಕೊಟ್ಟೂರಿನಲ್ಲೇ ಅವರಿವರು ಅಷ್ಟಿಷ್ಟು ಕೊಂಡರು. ಹರಪನಹಳ್ಳಿಯಿಂದ ಫೋನಿಲ್ಲ. ಅವ್ವ ಬೆಳಗಿನ ಬಸ್ಸಿನ ಹಾರ್ನ್ ಕೇಳಿದಾಗ ಕೈಯ ಹಿಟ್ಟನ್ನು ಹಾಗೇ ಹಿಡಿದು ನಿಲ್ಲುತ್ತಿದ್ದಳು. ಅವಳಿಗೆ ಗೊತ್ತಿಲ್ಲದ ಇನ್ನೊಂದು ಮಾತಿತ್ತು: ಆ ದಿನದಿಂದ ನಾನು ರೊಟ್ಟಿ ತಿಂದಿರಲಿಲ್ಲ. ಬಡಿಯುತ್ತಿದ್ದೆ, ಬೇಯಿಸುತ್ತಿದ್ದೆ. ಬಾಯಿಗೆ ತಂದರೆ ಅಜ್ಜಿಯ ಬಾಯಿಂದ ತೆಗೆದ ಮುದ್ದೆ ಅಂಗೈಯಲ್ಲಿ ಬೆಚ್ಚಗೆ ಕೂರುತ್ತಿತ್ತು. ಅನ್ನ ತಿಂದು ಏಳುತ್ತಿದ್ದೆ.

ಕಾರ್ತಿಕದ ಒಂದು ಬೆಳಗ್ಗೆ, ಹೇಳದೆ ಕೇಳದೆ, ತಿಪ್ಪೇರುದ್ರಮ್ಮ ಬಸ್ಸಿಳಿದು ಬಂದರು. ದಪ್ಪ ದೇಹ, ಸಣ್ಣ ಕಣ್ಣು. ನೀರು ಕೊಟ್ಟರೆ ಕುಡಿಯಲಿಲ್ಲ.

"ಎಲ್ಲೈತಿ ಗ್ವಾಡಿ?"

ಒಳಕೋಣೆಗೆ ಕರೆದೊಯ್ದೆವು. ಅವರು ಕಂಬಗಳ ಹಿಂದೆ ಅಡ್ಡವಾಗಿ ತೂರಿ, ಗೋಡೆಗೆ ಮೂಗು ಹಚ್ಚಿ ಮೂಸಿದರು. ಅಂಗೈ ಒತ್ತಿ, ಅಂಗೈ ನೋಡಿಕೊಂಡರು. ಡೊಳ್ಳಪ್ಪನ ಹೊಟ್ಟೆಯನ್ನು ಬಡಿದು ನೋಡಿದರು. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ತಿಪ್ಪೇರುದ್ರಮ್ಮ ರ್ಯಾಕಿನ ಹಿಂಬದಿಯಿಂದ, ಎಲ್ಲಕ್ಕಿಂತ ಕೆಳಗಿನ ರೊಟ್ಟಿಯನ್ನು ಎಳೆದುಕೊಂಡು, ಅವ್ವನ ಹಾಗೆಯೇ ಕೆನ್ನೆಯ ಪಕ್ಕ ಹಿಡಿದು ಮುರಿದರು.

ಪಟ್.

ಅವ್ವ ಉಸಿರು ಬಿಟ್ಟಳು. ತಿಪ್ಪೇರುದ್ರಮ್ಮ ಮಾತ್ರ ತಿನ್ನಲಿಲ್ಲ. ಅರ್ಧವನ್ನು ನನ್ನ ಕಡೆ ಚಾಚಿದರು.

"ಮೊದಲ ನೀ ತಿನ್ನವಾ. ಮನಿಯವ್ರು ತಿಂದ್ರ ನಾನೂ ತಿಂತೀನಿ."

ಅವ್ವ ನನ್ನನ್ನು ನೋಡಿದಳು. ಅವಳ ದೃಷ್ಟಿಯಲ್ಲಿ ಅನುಮಾನವೇ ಇರಲಿಲ್ಲ, ಮಗಳು ರೊಟ್ಟಿ ತಿನ್ನುವುದರಲ್ಲಿ ಏನಿದೆ? ಅಜ್ಜಿ ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತೆಂದು ಆಗ ತಿಳಿಯಿತು.

ರೊಟ್ಟಿಯನ್ನು ಬಾಯಿಗಿಟ್ಟೆ. ಗರಿಗರಿಯಾಗಿತ್ತು, ಜೋಳದ ಸಿಹಿಯಿತ್ತು, ಹಂಚಿನ ಸುಟ್ಟ ಘಮವಿತ್ತು. ಜಗಿದಂತೆ ಮೆತ್ತಗಾಯಿತು, ಮೆತ್ತಗಾದಂತೆ ಅಂಗೈ ಬೆಚ್ಚಗಾಯಿತು. ತಿಪ್ಪೇರುದ್ರಮ್ಮನ ಸಣ್ಣ ಕಣ್ಣು ನನ್ನ ಗಂಟಲ ಮೇಲಿತ್ತು. ಅಜ್ಜಿ ಆವತ್ತು ನಮ್ಮನ್ನು ನೋಡುತ್ತ ಜಗಿದಂತೆ, ಅವರನ್ನೇ ನೋಡುತ್ತ ಜಗಿದೆ. ನುಂಗಿದೆ. ಇನ್ನೊಂದು ತುತ್ತು ಮುರಿದು ಅದನ್ನೂ ನುಂಗಿದೆ.

"ಹೂಂ" ಎಂದರು ಅವರು. ಉಳಿದ ಅರ್ಧವನ್ನು ತಾವು ಜಗಿಯುತ್ತ, "ಸೋಮವಾರದ ಬಸ್ಸಿಗೆ ಹಾಕ್ರಿ. ಎಳ್ಳು ಹಚ್ಚಿದ್ದು ಬ್ಯಾಡ, ಬರೇದ ಇರ್ಲಿ. ಮ್ಯಾಲೆ ಏನಿದ್ರೂ ಕಾಣಬೇಕು ನನಗ" ಎಂದರು.

ಅವ್ವ ಅವರನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದಳು. ಬಸ್ಸಿನ ಹಾರ್ನ್ ಕೇಳುವವರೆಗೆ ತಡೆದುಕೊಂಡೆ. ಆಮೇಲೆ ಹಿತ್ತಲಿಗೆ ಓಡಿದೆ. ಅಜ್ಜಿ ಬೋಗುಣಿ ಹಿಡಿದು ಆಗಲೇ ಅಲ್ಲಿ ಕೂತಿದ್ದಳು.